ಧೂಳು ಕೂರದ ಮೇಜು

ಕುರುಬನ ಬಲಗೈಯನ್ನು ಮೊಣಕೈಯವರೆಗೆ ಬಿಸಿನೀರಿನಲ್ಲಿ ಅದ್ದಿ ಹಿಡಿದುಕೊಂಡು ಕ್ಲೆಮೆಂಟ್ ಕಾಯುತ್ತಿದ್ದ. ಕೀಲು ಮೆತ್ತಗಾಗುವ ಮುಂಚೆ ಮಡಿಸಲು ಹೋದರೆ ಒಳಗಿನ ಸಣ್ಣ ಗೂಟ ಮುರಿಯುತ್ತದೆ. ಆಮೇಲೆ ಆ ಕೈ ಜೋತಾಡಿಕೊಂಡೇ ಇರುತ್ತದೆ. ಕುರುಬ ಒಂದು ಗೇಣಿನಷ್ಟೂ ಇರಲಿಲ್ಲ. ಒಂದು ಕಾಲದಲ್ಲಿ ಯಾವುದೋ ಅಂಗಡಿಯಲ್ಲಿ ಬಂದೂಕು ಹಿಡಿದ ಪ್ಲಾಸ್ಟಿಕ್ ಸಿಪಾಯಿಯಾಗಿ ಮಾರಾಟವಾದವನು, ಎಮಿಲನ ಕೈಗೆ ಸಿಕ್ಕ ಮೇಲೆ ಗಡ್ಡ ಬಂದು, ಹೆಗಲಿಗೆ ಕಂಬಳಿ ಬಂದು, ಕುರಿ ಕಾಯುವವನಾಗಿದ್ದ. ಈಗ ಅವನು ಕಾಫಿಯ ಕಾಗದದ ಲೋಟದೊಳಗೆ ಕೈಯಿಟ್ಟುಕೊಂಡು ತಾಳ್ಮೆಯಿಂದ ನಿಂತಿದ್ದ. ಪಕ್ಕದ ಕೋಣೆಯಲ್ಲಿ ಎಮಿಲ್ ಹೂಡಾಕ್ ನೀಲಿ ಸೂಟು ತೊಟ್ಟು ಶವಪೆಟ್ಟಿಗೆಯಲ್ಲಿ ಮಲಗಿದ್ದ.

"ಕ್ಲೆಮ್, ಅದು ಕಾಫಿಗೆ ಇಟ್ಟಿರೋ ನೀರು ಕಣೋ," ಎಂದು ಗಾರ್ಲಂಡ್ ಕಿವಿಯ ಹತ್ತಿರ ಬಂದು ಹೇಳಿದ. ಗಾರ್ಲಂಡನೂ ಎಮಿಲ್, ಕ್ಲೆಮೆಂಟರ ಹಾಗೇ ಹಳೇ ಗೊಂಬೆ ತಿದ್ದುವವನು, ಮೂವತ್ತು ವರ್ಷದ ಗೆಳೆಯ. "ಮಾತಾಡಿಸೋಕೆ ಬಂದೋರು ಕುರುಬನ ಕಷಾಯ ಕುಡೀಬೇಕಾಗತ್ತೆ."

"ಇದು ನನ್ನ ಲೋಟ. ನಿನ್ನ ಲೋಟ ನೀನು ನೋಡ್ಕೋ."

"ಎಮಿಲ್ ನೋಡಿದ್ರೆ ಬೈತಿದ್ದ. ವಾರ್ನಿಶ್ ಬೆಳ್ಳಗಾಗತ್ತೆ ಅಂತ."

"ಒಳಗೇ ಇದಾನಲ್ಲ. ಹೋಗಿ ಚಾಡಿ ಹೇಳು."

ಗಾರ್ಲಂಡ್ ನಕ್ಕ. ನಗುತ್ತಿದ್ದ ಹಾಗೇ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡ.

ಕೀಲು ಬಿಟ್ಟಿತು. ಕ್ಲೆಮೆಂಟ್ ಕುರುಬನ ಕೈಯನ್ನು ಎದೆಯ ಮೇಲೆ ಬರುವಂತೆ ನಿಧಾನವಾಗಿ ಮಡಿಸಿ, ಮೊಣಕಾಲು ಊರಿಸಿ, ತನ್ನ ಕರವಸ್ತ್ರದಿಂದ ಒರೆಸಿದ. ಅಷ್ಟರಲ್ಲಿ ಎಮಿಲನ ಮಗಳು ಜೋಲಿನ್ ಬಂದಳು. ಎಮಿಲನ ಹೆಂಡತಿ ಇರ್ಮಾ ಕ್ಲೆಮೆಂಟನ ಅಕ್ಕ. ಜೋಲಿನ್ ಅವನಿಗೆ ಸೋದರ ಸೊಸೆ. ಅಪ್ಪನ ಕೈಗೆ, ಕ್ರಿಸ್ತಜಯಂತಿಗೆ ಇಗರ್ಜಿಯಲ್ಲಿ ಕೂರಿಸುವ ಗೋದಲಿಯ ಕುರುಬನನ್ನು ಕೊಟ್ಟು ಕಳಿಸಬೇಕು, ಅವನು ಮಂಡಿಯೂರಿರಬೇಕು ಎಂದು ಹಟ ಹಿಡಿದವಳು ಅವಳೇ.

"ಆಯ್ತಾ ಮಾವ? ಪೆಟ್ಟಿಗೆ ಮುಚ್ಚೋ ಹೊತ್ತಾಯ್ತಂತೆ."

"ಆಯ್ತು, ತಗೋ." ಕೊಡುವಾಗ ಕ್ಲೆಮೆಂಟನಿಗೆ ಕೆಮ್ಮು ಬಂತು. ಅದು ಒಂದೆರಡಕ್ಕೆ ನಿಲ್ಲುವ ಕೆಮ್ಮಲ್ಲ. ಗೋಡೆಗೆ ಕೈಯಿಟ್ಟು ನಿಂತ.

"ಇನ್ನೂ ಹೋಗಿಲ್ವಾ ಅದು?"

"ಚಳಿ ಅಲ್ವಾ."

"ಸೆಪ್ಟೆಂಬರಿಂದ ಚಳೀನಾ ಮಾವ?" ಅವಳು ಕುರುಬನನ್ನು ಅಂಗೈಯಲ್ಲಿ ಹಕ್ಕಿಮರಿಯಂತೆ ಹಿಡಿದುಕೊಂಡಳು. "ಇವತ್ತು ಊಟ ಮುಗಿದ ಮೇಲೆ ಅಪ್ಪನ ಗೊಂಬೆ ಮೇಜು ತಗೊಂಡು ಹೋಗ್ತೀವಿ. ಡೆರಿಕ್ ಟ್ರಕ್ ತಂದಿದಾನೆ. ಹುಡುಗೀರು ಈಗ್ಲೇ ಜಗಳ ಆಡ್ತಿದಾರೆ, ತಾತನ ಜಾಗದಲ್ಲಿ ಯಾರು ಕೂರೋದು ಅಂತ."

ಎರಡು ತಿಂಗಳಿಂದ ಒಂದು ಮಾತು ಕ್ಲೆಮೆಂಟನ ಗಂಟಲಲ್ಲಿ ಕೂತಿತ್ತು. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಒಳಗೆ ಮಲಗಿದ್ದವನಿಗೆ ಆಣೆಯಿಟ್ಟಿದ್ದ. ಆ ಮೇಜು ಜೋಲಿನಳ ಮನೆ ಸೇರುತ್ತದೆಂದು ಆಣೆಯಿಡುವ ದಿನ ಅವನಿಗೂ ಗೊತ್ತಿರಲಿಲ್ಲ, ಇಡಿಸಿಕೊಂಡವನಿಗೂ ಗೊತ್ತಿರಲಿಲ್ಲ.

"ಒಳ್ಳೇದು," ಎಂದ.

*

ಇಗರ್ಜಿಯ ಮೆಟ್ಟಿಲು ಒಂಬತ್ತು. ನಲವತ್ತು ವರ್ಷ ಅಂಚೆಚೀಲ ಹೊತ್ತು ಆ ಊರಿನ ದಿಬ್ಬಗಳನ್ನು ಹತ್ತಿ ಇಳಿದವನು ಕ್ಲೆಮೆಂಟ್. ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಅವನೊಬ್ಬ. ನಾಲ್ಕನೆಯ ಮೆಟ್ಟಿಲಿಗೇ ಅವನ ಎದೆಯಲ್ಲಿ ಉಸಿರು ಸಾಲದಾಯಿತು. ಪೆಟ್ಟಿಗೆ ಅಷ್ಟು ಭಾರವಿರಲಿಲ್ಲ. ಕೊನೆಯ ದಿನಗಳಲ್ಲಿ ಎಮಿಲ್ ಒಣಗಿದ ಸೌದೆಯ ಹಾಗಿದ್ದ. ಹಿಂದೆ ಹೆಗಲು ಕೊಟ್ಟಿದ್ದ ಜೋಲಿನಳ ಗಂಡ ಡೆರಿಕ್ ಏನೂ ಹೇಳದೆ ತನ್ನ ಕಡೆಗೆ ಭಾರ ಎಳೆದುಕೊಂಡ.

ಜನವರಿಯ ಮೊದಲ ವಾರವಾದ್ದರಿಂದ ಪೀಠದ ಎಡಗಡೆ ಗೋದಲಿ ಇನ್ನೂ ಇತ್ತು. ಆ ಗೋದಲಿಯ ಸಂತರೆಲ್ಲ ಎಮಿಲನ ಮೇಜಿನ ಮೇಲೆ ಹುಟ್ಟಿದವರು. ಜೋಸೆಫನು ಮೊದಲು ಕೊಂಬಿನ ಮುಖವಾಡ ಹಾಕಿದ ದುಷ್ಟನಾಗಿದ್ದ. ಕೂಸಿಗೆ ಕಾಣಿಕೆ ತರುವ ಮೂವರು ರಾಯರು ಮುಂಚೆ ಕುಸ್ತಿಯವರು. ಮೇರಿಮಾತೆ ಯಾವುದೋ ಗ್ರಹಾಂತರದ ಯೋಧೆ. ಅವಳ ಕತ್ತಿಯನ್ನು ಕಿತ್ತು, ಕವಚವನ್ನು ಉಜ್ಜಿ ತೆಗೆದು, ಒಣಗಿದರೆ ಕಲ್ಲಾಗುವ ಎಪಾಕ್ಸಿ ಮಣ್ಣಿನಿಂದ ಸೆರಗು ಮಾಡಿ ಹೊದಿಸಿದ್ದ. ಕೈಕಾಲು ಮಡಿಯುವ ಗೊಂಬೆಗಳೇ ಆಗಬೇಕು ಎನ್ನುವುದು ಎಮಿಲನ ಪಟ್ಟು. ಮಂಡಿ ಮಡಿಯದವನು ಪ್ರಾರ್ಥನೆ ಹೇಗೆ ಮಾಡುತ್ತಾನೆ ಎಂದು ಕೇಳುತ್ತಿದ್ದ. ಕ್ರಿಸ್ತಜಯಂತಿಗೆ ನಾಲ್ಕು ವಾರ ಇದೆ ಎನ್ನುವಾಗ ಕುರುಬರನ್ನು ಬಾಗಿಲ ಹತ್ತಿರ ನಿಲ್ಲಿಸಿ, ಪ್ರತಿ ಭಾನುವಾರ ಅವರ ಕಾಲನ್ನು ಒಂದಿಷ್ಟು ಮುಂದಿಡಿಸಿ, ಕೊನೆಗೆ ಕೂಸಿನ ಮುಂದೆ ಮಂಡಿಯೂರಿಸುತ್ತಿದ್ದ. ಊರಿನ ಮಕ್ಕಳು ಇಗರ್ಜಿಗೆ ಬರುತ್ತಿದ್ದದ್ದೇ ಯಾರು ಎಷ್ಟು ನಡೆದಿದ್ದಾರೆ ಎಂದು ನೋಡಲು.

ಫಾದರ್ ಆಂಡ್ರೆ ಪ್ರಸಂಗ ಉದ್ದ ಮಾಡಲಿಲ್ಲ. "ನಮ್ಮ ಜೋಸೆಫಪ್ಪ ಮುಂಚೆ ಏನಾಗಿದ್ದರು ಅಂತ ನಿಮಗೆಲ್ಲ ಗೊತ್ತು," ಎಂದರು. ಬೆಂಚುಗಳಲ್ಲಿ ಸಣ್ಣ ನಗೆ ಹರಿಯಿತು. "ದೇವರು ಯಾರನ್ನೂ ಬಿಸಾಕೋದಿಲ್ಲ. ಎಮಿಲನಿಗೂ ಆ ಅಭ್ಯಾಸ ಇತ್ತು. ಇಪ್ಪತ್ತೆಂಟು ವರ್ಷ ಇಟ್ಟಿಗೆ ಭಟ್ಟಿಯಲ್ಲಿ ದುಡಿದ. ಭಾನುವಾರ ಕೂತು ಮುರಿದದ್ದನ್ನ ಜೋಡಿಸಿದ. ಇಷ್ಟೇ ಅವನ ಕತೆ."

ಕ್ಲೆಮೆಂಟನ ಹಿಂದಿನ ಬೆಂಚಿನಲ್ಲಿ ಶ್ರೀಮತಿ ವರ್ಗಾ ಕೂತಿದ್ದಳು. ಇಗರ್ಜಿಯ ಅಡಿಗೆಮನೆಯನ್ನು ನೋಡಿಕೊಳ್ಳುವ ಮುದುಕಿ. ಮೆಲ್ಲಗೆ ಮಾತಾಡಿದರೂ ಮೂರು ಬೆಂಚಿಗೆ ಕೇಳಿಸುವ ಗಂಟಲು.

"ಭಟ್ಟಿ ಇನ್ನೊಬ್ಬನನ್ನ ನುಂಗ್ತು ನೋಡು. ನಮ್ಮನೆಯವರನ್ನ ನುಂಗ್ತು, ಅವರ ತಮ್ಮನನ್ನ ನುಂಗ್ತು. ಮುಚ್ಚಿ ಹತ್ತೊಂಬತ್ತು ವರ್ಷ ಆಯ್ತು, ಇನ್ನೂ ಅದರ ಹೊಟ್ಟೆ ತುಂಬಿಲ್ಲ."

"ಧೂಳು ಒಳಗೇ ಕೂತಿರತ್ತಂತೆ," ಎಂದಳು ಪಕ್ಕದವಳು.

"ಕೂತಿರತ್ತೆ. ಕಾಯ್ತಾ ಕೂತಿರತ್ತೆ."

ಕ್ಲೆಮೆಂಟ್ ಗೋದಲಿಯಲ್ಲಿದ್ದ ಮೇರಿಮಾತೆಯ ಮುಖ ನೋಡಿದ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಮುಖ. ಕೆನ್ನೆ ಮೊಟ್ಟೆಯ ಹಾಗೆ ನುಣುಪಾಗಿತ್ತು, ಎಲ್ಲೂ ಒಂದು ಕಲೆಯಿಲ್ಲ. ಭಟ್ಟಿ ಊರಿನಲ್ಲಿ ಎಷ್ಟೋ ಜನರನ್ನು ನುಂಗಿದ್ದು ನಿಜ. ಎಮಿಲನನ್ನು ನುಂಗಿದ್ದು ಅದಲ್ಲವೆಂದು ಆ ಇಗರ್ಜಿಯಲ್ಲಿ ಬಲ್ಲವನು ಅವನೊಬ್ಬನೇ.

*

ಹದಿನೆಂಟು ಚಳಿಗಾಲದ ಹಿಂದಿನ ಮಾತು. ಆಗ ಭಾನುವಾರವೆಂದರೆ ಇಗರ್ಜಿಯ ಬಲಿಪೂಜೆ, ಇರ್ಮಾಳ ಊಟ, ಆಮೇಲೆ ಎಮಿಲನ ಮನೆಯ ನೆಲಮಾಳಿಗೆ. ಕೆಡವಿದ ಹಳೆಯ ಶಾಲೆಯ ಬಾಗಿಲೊಂದನ್ನು ಎಮಿಲ್ ತಂದು ಅಡ್ಡ ಮಲಗಿಸಿ ನಾಲ್ಕು ಕಾಲು ಹಚ್ಚಿದ್ದ. ಅದೇ ಮೇಜು. ಬೀಗದ ತೂತು ಹಾಗೇ ಇತ್ತು. ಅದರಲ್ಲಿ ಕುಂಚ ಸಿಕ್ಕಿಸಿಡುತ್ತಿದ್ದರು. ಸುತ್ತ ಗೋಡೆಗೆ ಡಬ್ಬಗಳ ಸಾಲು. ಒಂದರಲ್ಲಿ ಬರೀ ಎಡಗೈಗಳು, ಒಂದರಲ್ಲಿ ತಲೆಗಳು, ಒಂದರಲ್ಲಿ ಬೂಟು. ಹಳೇ ಸಾಮಾನಿನ ಮಾರಾಟಗಳಲ್ಲಿ ಮೂಟೆಗಟ್ಟಲೆ ಕೊಂಡ ಮುರುಕು ಗೊಂಬೆಗಳ ಅಂಗಾಂಗ. ಈ ಕಸುಬಿನವರು ಅದನ್ನು ಮೇವು ಎನ್ನುತ್ತಾರೆ. "ಮೇವು ಹಾಕಿದೀನಿ, ನೋಡು ಯಾವ ಕೈ ಒಪ್ಪತ್ತೆ," ಎಂದು ಎಮಿಲ್ ಡಬ್ಬವನ್ನು ಮೇಜಿನ ಮೇಲೆ ಸುರಿಯುತ್ತಿದ್ದ.

ಬಣ್ಣ ಹಚ್ಚುವುದು ಕಷ್ಟದ ಕೆಲಸವಲ್ಲ. ಉಜ್ಜುವುದು ಕಷ್ಟ. ಕೀಲಿನ ಒಳಮೈಗೆ ಬಣ್ಣ ಬಳಿದರೆ ಅಷ್ಟು ದಪ್ಪವಾಗುತ್ತದೆ. ಮಡಿಸಿದಾಗಲೆಲ್ಲ ಒಂದಕ್ಕೊಂದು ತಿಕ್ಕಿ ಸಿಪ್ಪೆ ಏಳುತ್ತದೆ. ಆದ್ದರಿಂದ ಮೊದಲೇ ಪ್ರತಿ ಕೀಲನ್ನೂ ಕೂದಲೆಳೆಯಷ್ಟು ಉಜ್ಜಿ ಸವೆಸಬೇಕು. ಒಂದು ಗೊಂಬೆಗೆ ಇಪ್ಪತ್ತೆರಡು ಕೀಲು. ತಲೆಗಳನ್ನು ಅವರೇ ಅಚ್ಚಿನಲ್ಲಿ ರಾಳ ಹೊಯ್ದು ಎರಕ ತೆಗೆಯುತ್ತಿದ್ದರು, ಅವನ್ನೂ ಉಜ್ಜಬೇಕು. ಉಜ್ಜಿದ್ದೆಲ್ಲ ಹಿಟ್ಟಿಗಿಂತ ನುಣ್ಣಗಿನ ಪುಡಿಯಾಗಿ ಏಳುತ್ತಿತ್ತು. ಗೋಡೆಯ ಮೊಳೆಗೆ ಮುಖಗವಸು ನೇತಾಡುತ್ತಿತ್ತು. ಅದನ್ನು ಹಾಕಿಕೊಂಡರೆ ಕನ್ನಡಕಕ್ಕೆ ಹಬೆ ಬಡಿದು ಗೊಂಬೆಯ ಕಣ್ಣುಗುಡ್ಡೆ ಕಾಣುತ್ತಿರಲಿಲ್ಲ.

ಆ ವರ್ಷ ಮೇರಿಮಾತೆಯ ಮುಖಕ್ಕೆ ಬಣ್ಣ ಸಿಂಪಡಿಸಿ ಒಣಗಲು ಇಟ್ಟರೆ ಒಂದು ಧೂಳಿನ ಕಣ ಬಂದು ಕೆನ್ನೆಯ ಮೇಲೆ ಕೂತಿತು. ಅಷ್ಟು ಸಣ್ಣ ಮುಖದಲ್ಲಿ ಕಣವೆಂದರೆ ಗಂಟೇ ಸರಿ. ಎಮಿಲ್ ಬಣ್ಣ ತೆಗೆದು ಮತ್ತೆ ಹಚ್ಚಿದ. ಮತ್ತೆ ಕೂತಿತು. ಮೂರನೆಯ ಸಲ ಹಣೆಯ ಮೇಲೆ.

"ಗಾರ್ಲಂಡನ ಗೊಂಬೆ ಥರ ಆಯ್ತು," ಎಂದ ಎಮಿಲ್. ಗಾರ್ಲಂಡ್ ತನ್ನ ಗರಾಜಿನ ಬಾಗಿಲು ಹಾರುಹೊಡೆದು ಕೆಲಸ ಮಾಡುವವನು. ಅವನ ವೀರರ ಎದೆಯ ಮೇಲೆಲ್ಲ ಅವನ ನಾಯಿಯ ಕೂದಲು ಅಂಟಿರುತ್ತಿತ್ತು. ಅದನ್ನು ನೋಡಿ ಇವರಿಬ್ಬರೂ ವರ್ಷಗಟ್ಟಲೆ ನಕ್ಕಿದ್ದರು.

"ಆ ಫ್ಯಾನ್ ನಿಲ್ಲಿಸು ಭಾವ," ಎಂದ ಕ್ಲೆಮೆಂಟ್. "ಅದೇ ಧೂಳು ಎಬ್ಬಿಸ್ತಿರೋದು. ಕಿಟಕಿ ಸಂದಿಯಿಂದ ಬೇರೆ ಬರ್ತಿದೆ."

"ಫ್ಯಾನ್ ಇಲ್ದಿದ್ರೆ ವಾಸನೆ ಹೋಗಲ್ವಲ್ಲೋ."

"ವಾಸನೆಗೆ ನಾವು ಹೊಂದ್ಕೋಬಹುದು. ಮೇರಿಮಾತೆ ಗಂಟಿಗೆ ಹೊಂದ್ಕೋತಾಳಾ?"

ಅವನೇ ಎದ್ದು ಗಾಳಿ ಹೊರಹಾಕುವ ಫ್ಯಾನಿನ ತಂತಿ ಕಿತ್ತ. ಅವನೇ ಏಣಿ ಹತ್ತಿ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಎಳೆದು, ನಾಲ್ಕೂ ಅಂಚಿಗೆ ಟೇಪು ಹೊಡೆದ. ಮರುವಾರ ಮುಖ ಒಣಗಿ ಬಂದಾಗ ಕನ್ನಡಿಯ ಹಾಗಿತ್ತು. ಇಬ್ಬರೂ ಮಕ್ಕಳಂತೆ ಕುಣಿದರು. ಕೈ ನಡುಗದ ಇರ್ಮಾಳನ್ನು ಕೂಗಿ ಕರೆದರು. ಅವಳು ಕೈ ಒರೆಸಿಕೊಂಡು ಇಳಿದು ಬಂದು, ಮೂರನೆಯ ಕುರ್ಚಿಯಲ್ಲಿ ಕೂತು, ಒಂದೇ ಎಳೆಯ ಕುಂಚದಿಂದ ಎರಡು ಕಣ್ಣು ಬರೆದಳು. ಅಂದಿನಿಂದ ಎಲ್ಲ ಗೊಂಬೆಗಳ ಕಣ್ಣೂ ಅವಳದೇ. ಆ ಕುರ್ಚಿ ಅವಳದಾಯಿತು. ಅದಕ್ಕೊಂದು ದಿಂಬು ಬಂತು.

ಆಮೇಲೆ ಯಾರೂ ಆ ಹಾಳೆಯನ್ನು ತೆಗೆಯಲಿಲ್ಲ. ಬೇಸಿಗೆಯಲ್ಲೂ ತೆಗೆಯಲಿಲ್ಲ.

*

ಮಣ್ಣು ಹೆಪ್ಪುಗಟ್ಟಿತ್ತು. ಸ್ಮಶಾನದಲ್ಲಿ ಫಾದರ್ ಆಂಡ್ರೆ ಹೇಳಿದ ಪ್ರಾರ್ಥನೆಯ ಅರ್ಧವನ್ನು ಗಾಳಿ ಹೊತ್ತುಕೊಂಡು ಹೋಯಿತು. ಮಂದಿ ಬೇಗ ಬೇಗ ಒಂದೊಂದು ಹೂವು ಹಾಕಿ ಇಗರ್ಜಿಯ ಕೆಳಗಿನ ಊಟದ ಹಜಾರಕ್ಕೆ ಬಂದರು.

ಶ್ರೀಮತಿ ವರ್ಗಾ ಮತ್ತವಳ ಹೆಂಗಸರು ಎಲೆಕೋಸು ಹುರಿದು ಬೆರೆಸಿದ ನೂಡಲ್ಸು, ಹಂದಿಯ ತೊಡೆಮಾಂಸ, ಅಕ್ರೋಟಿನ ಸುರುಳಿ ಸಿಹಿ ಎಲ್ಲವನ್ನೂ ಉದ್ದನೆ ಮೇಜಿನ ಮೇಲೆ ಜೋಡಿಸಿದ್ದರು. ಹೊಟ್ಟೆಗೆ ಬಿಸಿ ಬಿದ್ದ ಮೇಲೆ ಜನ ಮಾತಿಗೆ ಬಂದರು. ಇರ್ಮಾ ನಡುವೆ ಕೂತಿದ್ದಳು. ಬಂದವರ ಕೈಯನ್ನೆಲ್ಲ ಹಿಡಿದು, ಅವರವರ ಮನೆಯ ಕ್ಷೇಮ ತಾನೇ ಕೇಳುತ್ತಿದ್ದಳು. ಮಾತಿನ ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಕ್ಲೆಮೆಂಟ್ ತಟ್ಟೆಯಿಂದ ತಲೆಯೆತ್ತಿದ.

"ಏನಾಯ್ತಕ್ಕ?"

"ಏನಿಲ್ವೋ. ಅಕ್ರೋಟು ಸಿಕ್ಕೊಳ್ತು. ನೀನು ತಿನ್ನು."

ಜೋಲಿನ್ ಎದ್ದು ಲೋಟಕ್ಕೆ ಚಮಚ ತಟ್ಟಿದಳು. ಅವಳಿಗೆ ಭಾಷಣ ಬಾರದು, ಮುಖ ಕೆಂಪಗಾಗಿತ್ತು.

"ಅಪ್ಪನ ಮೇಜನ್ನ ನಾನು ಮನೆಗೆ ತಗೊಂಡು ಹೋಗ್ತಿದೀನಿ. ಮುಂದಿನ ವರ್ಷದ ಗೋದಲಿಗೆ ನಮ್ಮ ಹುಡುಗೀರು ಒಂದು ಒಂಟೆ ಮಾಡ್ಕೊಡ್ತಾರಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಟು ವರ್ಷದವಳು, ಹನ್ನೊಂದು ವರ್ಷದವಳು, ಇಬ್ಬರೂ ನಾಚಿಕೊಂಡು ಮೇಜಿನ ಕೆಳಗೆ ಜಾರಿದರು.

"ನನ್ನ ಗರಾಜಿಗೆ ಕೊಡಬಾರದಾ ಆ ಮೇಜು?" ಎಂದ ಗಾರ್ಲಂಡ್.

"ನಿನ್ನ ಗರಾಜಲ್ಲಿ ಗೊಂಬೆಗಳಿಗೆ ಬಣ್ಣ ಬೇಕಾಗಿಲ್ಲ ಗಾರ್ಲಂಡ್. ತುಪ್ಪಟ ತಾನಾಗೇ ಬೆಳ್ಯತ್ತೆ," ಎಂದಳು ಜೋಲಿನ್.

ಕೂತವರೆಲ್ಲ ನಕ್ಕರು. ಅವಳಿಗೆ ಧೈರ್ಯ ಬಂತು. "ನಾನು ಎಲ್ಲಾ ತಯಾರಿ ಮಾಡಿದೀನಿ. ನಮ್ಮನೆ ನೆಲಮಾಳಿಗೆ ಕಿಟಕಿಗೆ ಎರಡು ಪದರ ಪ್ಲಾಸ್ಟಿಕ್ ಹೊಡ್ಸಿದೀನಿ. ಫ್ಯಾನಿನ ತೂತಿಗೆ ಹಲಗೆ ಬಡಿದಾಯ್ತು. ಒಂದು ಕಣ ಬರಲ್ಲ. ಇದೆಲ್ಲ ಕ್ಲೆಮ್ ಮಾವನ ವಿದ್ಯೆ. ಅಪ್ಪ ಯಾವಾಗ್ಲೂ ಹೇಳ್ತಿದ್ದ, ಕ್ಲೆಮ್ ಇಲ್ದಿದ್ರೆ ನಮ್ಮ ಮೇರಿಮಾತೆ ಮುಖದ ತುಂಬ ಗಂಟಿರ್ತಿತ್ತು ಅಂತ. ಮಾವ, ಎದ್ದು ನಿಂತ್ಕೋ."

ಜನ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಾರೋ ಬೆನ್ನು ಚಪ್ಪರಿಸಿದರು. ಕ್ಲೆಮೆಂಟ್ ಏಳಲಿಲ್ಲ. ಆಚೆ ಬದಿಯಿಂದ ಇರ್ಮಾ ಅವನನ್ನು ನೋಡಿ ಪ್ರೀತಿಯಿಂದ ತಲೆಯಾಡಿಸಿದಳು. ಅವನು ನೂಡಲ್ಸನ್ನು ತಟ್ಟೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಳ್ಳಿದ.

*

ನವೆಂಬರಿನ ಒಂದು ಬೆಳಗ್ಗೆ ಎಮಿಲನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಕ್ಲೆಮೆಂಟ್. ಇರ್ಮಾಳಿಗೆ ಅಂದು ಇಗರ್ಜಿಯ ಹೂವಿನ ಸರದಿ.

ಶ್ವಾಸದ ಡಾಕ್ಟರು ನಡುವಯಸ್ಸಿನ ಹೆಂಗಸು. ಅವನ ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದಳು.

"ಇಟ್ಟಿಗೆ."

"ಇಟ್ಟಿಗೆ ಧೂಳಿನ ಗಾಯ ಈ ಊರಲ್ಲಿ ನಾನು ಬೇಕಾದಷ್ಟು ನೋಡಿದೀನಿ. ಇದು ಆ ಥರ ಇಲ್ಲ. ಮನೇಲಿ ಏನು ಮಾಡ್ತೀರಿ?"

ಎಮಿಲ್ ಹೇಳಿದ. ಗೊಂಬೆಗಳ ಮಾತು ಬಂದರೆ ಅವನಿಗೆ ಉಸಿರಾಟದ ಕಷ್ಟ ಮರೆತುಹೋಗುತ್ತಿತ್ತು. ರಾಳ, ಎಪಾಕ್ಸಿ, ಸಿಂಪಡಿಸುವ ವಾರ್ನಿಶ್, ಇಪ್ಪತ್ತೆರಡು ಕೀಲು, ಎಲ್ಲವನ್ನೂ ಹೆಮ್ಮೆಯಿಂದ ಹೇಳಿದ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿದಳು.

"ಗಾಳಿ ಹೋಗೋಕೆ ದಾರಿ ಇತ್ತಾ?"

"ಇರಲಿಲ್ಲ," ಎಂದ ಎಮಿಲ್.

"ನಿಮ್ಮ ಜೊತೆ ಅಲ್ಲಿ ಇನ್ಯಾರಾದ್ರೂ ಕೂರ್ತಿದ್ರಾ? ಕೂರ್ತಿದ್ರೆ ಈಗ್ಲೇ ಕಳ್ಸಿ. ಬೇಗ ಸಿಕ್ರೆ ತಡೆದು ನಿಲ್ಲಿಸಬಹುದು. ನಿಮ್ಮಷ್ಟು ದೂರ ಬಂದ್ರೆ ಕಷ್ಟ."

"ಯಾರೂ ಇಲ್ಲ," ಎಂದ ಎಮಿಲ್. ಅವನ ಕುರ್ಚಿಯ ಹಿಂದೆ ಕ್ಲೆಮೆಂಟ್ ಟೋಪಿ ಹಿಡಿದು ನಿಂತಿದ್ದ.

ಹೊರಗೆ ಕಾರಿನಲ್ಲಿ ಇಬ್ಬರೂ ಬಹಳ ಹೊತ್ತು ಕೂತರು. ಗಾಜಿನ ಮೇಲೆ ಹಬೆ ಕಟ್ಟಿತು.

"ಇರ್ಮಾಗೆ ಹೇಳಬೇಡ," ಎಂದ ಎಮಿಲ್.

"ಭಾವ, ಅವಳೂ ಕೂತಿದ್ಲಲ್ಲ."

"ಅದಕ್ಕೇ ಬೇಡ ಅನ್ನೋದು. ಅವಳನ್ನ ಕೂರಿಸಿದೋನು ನಾನು. ಗೊತ್ತಾದ್ರೆ ಇನ್ನಿರೋ ದಿನವೆಲ್ಲ ಒಂದೊಂದು ಉಸಿರನ್ನೂ ಎಣಿಸ್ತಾ ಬದುಕ್ತಾಳೆ. ಅವಳು ಚೆನ್ನಾಗೇ ಇದಾಳಲ್ಲ. ಚೆನ್ನಾಗೇ ಇರ್ಲಿ. ಊರೆಲ್ಲ ಭಟ್ಟಿ ಅಂತ ಅಂದ್ಕೊಂಡಿದೆ. ಅಂದ್ಕೊಳ್ಳಿ, ಪಾಪ, ಅದು ಹೇಗೂ ಸತ್ತಿದೆ."

"ನೀನು ಹೋದ ಮೇಲೆ ಅವಳು ಆ ಮೇಜಿಗೆ ಕೂತ್ರೆ?"

"ನಾನಿಲ್ದೆ ಅವಳು ಕೆಳಗಿಳಿಯಲ್ಲ." ಎಮಿಲ್ ಜೇಬಿನಿಂದ ಜಪಸರ ತೆಗೆದು ಕ್ಲೆಮೆಂಟನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟ. "ಆಣೆ ಇಡು. ಇನ್ನೊಂದು ಮಾತು. ಆ ಫ್ಯಾನ್ ವಿಷಯ ನಿನ್ನ ತಲೇಲಿ ಕೊರೀತಿದೆ, ನಂಗೊತ್ತು. ಅದನ್ನ ಬಿಟ್ಬಿಡು. ಫ್ಯಾನ್ ನನ್ನ ಮನೇದು. ಬೇಡ ಅಂತ ಅನ್ಬಹುದಾಗಿತ್ತು ನಾನು."

ಕ್ಲೆಮೆಂಟ್ ಆಣೆಯಿಟ್ಟ. ಇಡುವಾಗ ಅವನ ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ಅಕ್ಕನಿಗೆ ಹೇಳಬೇಕಾಗಿಲ್ಲ. ತಂತಿ ಕಿತ್ತವನು ಯಾರೆಂದು ಹೇಳಬೇಕಾಗಿಲ್ಲ. ಆ ಹಗುರವನ್ನು ನೆನೆದರೆ ಈಗ ಅವನಿಗೆ ಮೈ ಉರಿಯುತ್ತಿತ್ತು. ಭಾವ ತನ್ನ ಹೆಂಡತಿಯನ್ನು ಉಳಿಸಲು ಮಾತು ತೆಗೆದುಕೊಂಡಿದ್ದ. ತಾನು ಮಾತು ಕೊಟ್ಟದ್ದು ತನ್ನನ್ನು ಉಳಿಸಿಕೊಳ್ಳಲು ಎಂದು ಅವನಿಗೆ ಗೊತ್ತಿತ್ತು, ಮೇಲಿರುವವನಿಗೂ ಗೊತ್ತಿತ್ತು.

*

ಮಧ್ಯಾಹ್ನ ಮೂರರ ಹೊತ್ತಿಗೆ ಹೂಡಾಕರ ಮನೆಯ ಅಂಗಳದಲ್ಲಿ ಟ್ರಕ್ಕು ಹಿಂದುಮುಂದಾಗಿ ನಿಂತಿತ್ತು. ಹುಡುಗಿಯರು ಹಿಮದಲ್ಲಿ ಕಾಲಾಡಿಸುತ್ತಿದ್ದರು. ಕ್ಲೆಮೆಂಟ್ ಅವರನ್ನು ದಾಟಿ, ಹಿಂಬಾಗಿಲಿನಿಂದ ನೆಲಮಾಳಿಗೆಯ ಮೆಟ್ಟಿಲಿಳಿದ. ಇಳಿಯುವಾಗಲೂ ಎರಡು ಸಲ ನಿಂತ.

ಡಬ್ಬಗಳು ಆಗಲೇ ರಟ್ಟಿನ ಪೆಟ್ಟಿಗೆ ಸೇರಿದ್ದವು. ಡೆರಿಕ್ ಮೇಜಿನ ಅಡಿ ನುಸುಳಿ ತಿರುಪು ನೋಡುತ್ತಿದ್ದ.

"ಹಗ್ಗ ಸಾಲದು," ಎಂದು ಹೊರಬಂದ ಅವನು. "ಟ್ರಕ್ಕಲ್ಲಿ ಇನ್ನೊಂದಿದೆ, ತರ್ತೀನಿ. ಮಾವ, ನೀವು ಎತ್ತೋಕೆ ಬರಬೇಡಿ. ಬೆಳಗ್ಗೆ ನೋಡ್ದೆ ನಿಮ್ಮನ್ನ."

ಅವನು ಹೋದ. ಜೋಲಿನ್ ಒಂದು ಹಳೇ ಕುಂಚದಿಂದ ಮೇಜಿನ ಮೇಲಿನ ಪುಡಿಯನ್ನು ಗುಡಿಸಿ ಒಟ್ಟು ಮಾಡುತ್ತಿದ್ದಳು. ಬೂದು ಬಣ್ಣದ ನುಣ್ಣನೆ ಪುಡಿ.

"ಗುಡಿಸಬೇಡ," ಎಂದ ಕ್ಲೆಮೆಂಟ್.

"ಯಾಕೆ ಮಾವ?"

"ಜೋಲಿನ್, ಈ ಫ್ಯಾನ್ ನಿಲ್ಲಿಸಿದ್ದು ನಾನು."

"ಗೊತ್ತಲ್ಲ. ಊರಿಗೆಲ್ಲ ಸಾರಿ ಹೇಳಿದ್ನಲ್ಲ ಈಗ."

"ಅದರಿಂದಾನೇ ನಿಮ್ಮಪ್ಪ ಹೋದದ್ದು."

ಅವಳ ಕೈಯಲ್ಲಿದ್ದ ಕುಂಚ ನಿಂತಿತು. ಅವನು ನಿಂತಲ್ಲೇ ಎಲ್ಲ ಹೇಳಿದ. ಚಿತ್ರ, ಡಾಕ್ಟರು ಕೇಳಿದ್ದು, ಎಮಿಲ್ ಹೇಳಿದ್ದು, ಕಾರು, ಜಪಸರ. ಅಲ್ಲಲ್ಲಿ ಕೆಮ್ಮು ಅಡ್ಡ ಬಂತು. ಅದು ಮುಗಿಯುವವರೆಗೆ ಅವಳು ಕಾದಳು, ಅವನ ನೆರವಿಗೆ ಬರಲಿಲ್ಲ.

"ನವೆಂಬರಿಂದ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ನನ್ನ ಮಕ್ಕಳು ಒಂಟೆ ಮಾಡ್ತಾರೆ ಅಂದಾಗ ನೀನು ನೂಡಲ್ಸ್ ತಿಂತಿದ್ದೆ."

"ತಿನ್ನೋಕಾಗಲಿಲ್ಲ."

"ಆಣೆ ಇಟ್ಟಿದ್ದೆ ಅಲ್ವಾ. ಯಾರ ಮೇಲೆ ಇಟ್ಟೆ?"

"ಜಪಸರದ ಮೇಲೆ."

"ಸದ್ಯ," ಎಂದಳು ಜೋಲಿನ್. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನನ್ನ ಮಕ್ಕಳ ತಲೆ ಮೇಲೆ ಕೈಯಿಟ್ಟು ಇಡಲಿಲ್ವಲ್ಲ."

ಕ್ಲೆಮೆಂಟ್ ತಲೆ ತಗ್ಗಿಸಿದ. ಸತ್ತವನಿಗೆ ಕೊಟ್ಟ ಮಾತನ್ನು ಅವನ ಮಣ್ಣು ಆರುವ ಮುಂಚೆ ಮುರಿದವನು ತಾನು. ಅದಕ್ಕೂ ಲೆಕ್ಕ ಕೇಳುವವನೊಬ್ಬ ಇದ್ದಾನೆ. ಕೇಳಲಿ, ಎಂದುಕೊಂಡ. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ಅವನಿಗೆ ದೇವರ ಮುಂದೆ ನಿಲ್ಲಲು ಭಯವಾಗಲಿಲ್ಲ. ಈ ಮಗುವಿನ ಮುಂದೆ ನಿಲ್ಲುವುದೇ ಭಯವಾಗಿತ್ತು.

"ಯಾರಾದ್ರೂ ಕೂರ್ತಿದ್ರಾ ಅಂತ ಕೇಳಿದ್ಲಾ ಆ ಡಾಕ್ಟ್ರು?"

"ಕೇಳಿದ್ಲು. ಬೇಗ ಬಂದ್ರೆ ತಡೀಬಹುದು ಅಂದ್ಲು."

"ನೀನು ಹೋಗಿ ತೋರಿಸ್ಕೊಂಡ್ಯಾ?"

"ಇಲ್ಲ."

"ಯಾಕೆ?"

"ನಾನು ತೋರಿಸ್ಕೊಂಡ್ರೆ ಎಲ್ರಿಗೂ ಗೊತ್ತಾಗತ್ತಲ್ಲ."

ಜೋಲಿನಳ ಕಣ್ಣು ಎಮಿಲನ ಕುರ್ಚಿಯ ಮೇಲೆ ಹಾಯಿತು, ಕ್ಲೆಮೆಂಟನ ಕುರ್ಚಿಯ ಮೇಲೆ ಹಾಯಿತು. ಮೂರನೆಯ ಕುರ್ಚಿಯ ಹತ್ತಿರ ಬಂದು ನಿಂತಿತು. ಅದರ ದಿಂಬು ನಡುವೆ ತಗ್ಗಾಗಿತ್ತು, ಹದಿನೆಂಟು ವರ್ಷ ಒಬ್ಬರೇ ಕೂತ ತಗ್ಗು. ಮೇಲೆ ಅಡಿಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ಪಾತ್ರೆ ತಾಗಿದ ಸದ್ದು.

ಕುಂಚವನ್ನು ಅವಳು ಮೆಲ್ಲಗೆ, ಪುಡಿ ಏಳದ ಹಾಗೆ, ಮೇಜಿನ ಮೇಲಿಟ್ಟಳು. ಕ್ಲೆಮೆಂಟನನ್ನು ಬಳಸಿಕೊಂಡು ಮೆಟ್ಟಿಲು ಹತ್ತಿದಳು.

ಡೆರಿಕ್ ಹಗ್ಗದೊಂದಿಗೆ ಎದುರಾದ. "ಎತ್ತೋಣ್ವಾ?"

"ಹುಡುಗೀರನ್ನ ಕೆಳಗೆ ಬಿಡಬೇಡ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಕ್ಲೆಮೆಂಟ್ ಕೈಹಿಡಿಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಅಡಿಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಇರ್ಮಾ ಸಿಂಕಿನ ಮುಂದೆ ನಿಂತು, ನೆರೆಯವರು ಪಲ್ಯ ತಂದ ದೊಡ್ಡ ತಟ್ಟೆಗಳನ್ನು ತೊಳೆಯುತ್ತಿದ್ದಳು. ಕಪ್ಪು ಉಡುಪಿನ ಮೇಲೆ ಹೂವಿನ ಏಪ್ರನ್ ಕಟ್ಟಿಕೊಂಡಿದ್ದಳು. ಜೋಲಿನ್ ಅವಳ ಹಿಂದೆ ನಿಂತಿದ್ದಳು.

"ಮೇಜು ಏರಿಸಿದ್ರಾ?" ಎಂದು ಇರ್ಮಾ ತಿರುಗದೆ ಕೇಳಿದಳು. "ಕಾಲು ಬಿಚ್ಚಿ ಏರಿಸಿ. ಇಲ್ದಿದ್ರೆ ಬಾಗಿಲಲ್ಲಿ ಸಿಕ್ಕೊಳತ್ತೆ. ನಿಮ್ಮಪ್ಪ ಇಳಿಸುವಾಗ ಎಷ್ಟು ಒದ್ದಾಡಿದ್ದ ಗೊತ್ತಾ?"

ಜೋಲಿನ್ ತಾಯಿಯ ಬೆನ್ನಿನ ಮೇಲೆ, ಎರಡು ಹೆಗಲೆಲುಬುಗಳ ನಡುವೆ, ತನ್ನ ಅಂಗೈಯನ್ನಿಟ್ಟಳು. ತೊಟ್ಟಿಲಲ್ಲಿ ಮಲಗಿದ ಕೂಸಿನ ಮೇಲೆ ಬಾಣಂತಿಯರು ಇಡುತ್ತಾರಲ್ಲ, ಹಾಗೆ.

"ಏನೇ ಇದು? ಕೈ ಮಂಜುಗಡ್ಡೆ ಆಗಿದೆ."

"ಸುಮ್ನೆ ಅಮ್ಮ. ಒಂದ್ಸಲ ದೊಡ್ಡದಾಗಿ ಉಸಿರು ತಗೋ."

"ಹುಚ್ಚಿ. ನಾನು ಅಳ್ತಿಲ್ಲ ಕಣೇ, ಚೆನ್ನಾಗಿದೀನಿ."

"ನನಗೋಸ್ಕರ ತಗೋ."

ಇರ್ಮಾ ನಕ್ಕು, ಒದ್ದೆ ಕೈಗಳನ್ನು ಸಿಂಕಿನ ಅಂಚಿಗೆ ಊರಿ, ಮಗಳ ಮಾತಿಗೆ ಉಸಿರೆಳೆದಳು. ಜೋಲಿನಳ ಅಂಗೈ ಮೇಲೇರಿತು. ಅರ್ಧದಲ್ಲಿ ಒಂದು ಕ್ಷಣ ತಡೆದು ನಿಂತು, ಆಮೇಲೆ ಉಳಿದಷ್ಟು ಏರಿತು. ನಲ್ಲಿ ಹರಿಯುತ್ತಲೇ ಇತ್ತು. ತಟ್ಟೆ ತುಂಬಿ ನೀರು ನಾಲ್ಕೂ ಕಡೆ ಇಳಿಯುತ್ತಿತ್ತು, ಯಾರೂ ಅದನ್ನು ನಿಲ್ಲಿಸಲಿಲ್ಲ.

"ಇನ್ನೊಂದ್ಸಲ ಅಮ್ಮ," ಎಂದಳು ಜೋಲಿನ್.